ಹಬ್ಬದ ಸಾಲು ಮತ್ತು ಮೈಯ ಆರೈಕೆ: ಆಟಿ ಅಮಾವಾಸ್ಯೆಯಿಂದ ದೀಪಾವಳಿಯವರೆಗೆ

ಕರ್ನಾಟಕದ ಜನಪದರ ವರ್ಷದಲ್ಲಿ ಹಬ್ಬಗಳು ಎಲ್ಲ ತಿಂಗಳುಗಳಿಗೂ ಸಮನಾಗಿ ಹಂಚಿಕೆಯಾಗಿಲ್ಲ. ಯುಗಾದಿಯ ತರುವಾಯ ಬರುವ ಬೇಸಗೆ ಜಾತ್ರೆ, ತೇರು, ಮದುವೆಗಳ ಕಾಲ. ಮಳೆ ಹಿಡಿದೊಡನೆ ಉಳುಮೆ, ಬಿತ್ತನೆ, ನಾಟಿಗಳ ದುಡಿಮೆ ಉಳಿದೆಲ್ಲವನ್ನೂ ಹಿಂದಕ್ಕೆ ಸರಿಸುತ್ತದೆ. ಆಷಾಢದ ಅಮಾವಾಸ್ಯೆಯಿಂದ ಮೊದಲ್ಗೊಂಡು ಕಾರ್ತಿಕದ ಬಲಿಪಾಡ್ಯಮಿಯವರೆಗಿನ ಸುಮಾರು ಮೂರು ತಿಂಗಳ ಅವಧಿಯಲ್ಲಿ ಭೀಮನ ಅಮಾವಾಸ್ಯೆ, ನಾಗರಪಂಚಮಿ, ಗೌರಿ-ಗಣೇಶ, ಪಿತೃಪಕ್ಷ, ಮಹಾನವಮಿ, ದೀಪಾವಳಿಗಳು ಒಂದರ ಬೆನ್ನಿಗೊಂದು ಬರುತ್ತವೆ. ಇದನ್ನೇ ಈ ಲೇಖನದಲ್ಲಿ ‘ಹಬ್ಬದ ಸಾಲು’ ಎಂದು ಕರೆಯಲಾಗಿದೆ. ಈ ಸಾಲಿನಲ್ಲಿ ಜನ ತಮ್ಮ ಮೈಯನ್ನು ಹೇಗೆ ನೋಡಿಕೊಂಡರು, ಹಾಗೆ ನೋಡಿಕೊಂಡದ್ದು ಯಾರ ಮೈಯನ್ನು ಎಂಬ ಎರಡು ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಳ್ಳಲಾಗಿದೆ.

ಮೊದಲನೆಯ ಪ್ರಶ್ನೆಗೆ ಸಿದ್ಧ ಉತ್ತರವೊಂದು ಬಹುಕಾಲದಿಂದ ಚಲಾವಣೆಯಲ್ಲಿದೆ. ನಮ್ಮ ಹಿರಿಯರು ಪ್ರತಿಯೊಂದು ಆಚರಣೆಯಲ್ಲಿಯೂ ಆರೋಗ್ಯದ ವಿಜ್ಞಾನವನ್ನು ಅಡಗಿಸಿಟ್ಟಿದ್ದಾರೆ ಎಂಬುದೇ ಆ ಉತ್ತರ. ಜೋಕಾಲಿಯಾಡಿದರೆ ಶ್ವಾಸಕೋಶ ಬಲಗೊಳ್ಳುತ್ತದೆ, ರಂಗೋಲಿ ಹಾಕಿದರೆ ಬೆನ್ನಿಗೆ ವ್ಯಾಯಾಮವಾಗುತ್ತದೆ ಎಂಬ ಮಾತುಗಳನ್ನು ವಿಚಾರ ಸಂಕಿರಣಗಳಲ್ಲಿಯೂ ಕೇಳಿದ್ದೇನೆ. ಜನಪದ ಜ್ಞಾನದ ಬಗೆಗಿನ ಗೌರವದಿಂದ ಹುಟ್ಟಿದ ಮಾತುಗಳಿವು ಎಂಬುದನ್ನು ಒಪ್ಪಬಹುದು. ಆದರೆ ಹಬ್ಬ ಆಚರಿಸಿದವರೆಲ್ಲರಿಗೂ ಒಂದೇ ಬಗೆಯ ಮೈ ಇತ್ತೆಂದೂ, ಆ ಮೈ ಕಾಲದಿಂದ ಕಾಲಕ್ಕೆ ಬದಲಾಗಲಿಲ್ಲವೆಂದೂ ಇವು ಮೊದಲೇ ಊಹಿಸಿಕೊಂಡಿರುತ್ತವೆ. ಚರಿತ್ರೆ ಹೇಳುವುದು ಬೇರೆಯದನ್ನು.

ಹಬ್ಬದ ಸಾಲು ಆರಂಭವಾಗುವುದು ಹಸಿವಿನ ತಿಂಗಳಲ್ಲಿ ಎಂಬ ಸಂಗತಿಯನ್ನು ಮೊದಲು ಗಮನಿಸಬೇಕು. ಹಿಂದಿನ ಸುಗ್ಗಿಯ ಧಾನ್ಯ ಕಣಜದ ತಳ ಮುಟ್ಟಿರುತ್ತದೆ. ಹೊಸ ಪೈರು ಇನ್ನೂ ಹೊಲದಲ್ಲಿರುತ್ತದೆ. ಮಳೆಯಿಂದಾಗಿ ಕೂಲಿ ತಪ್ಪುವ ದಿನಗಳೂ ಇದೇ ಕಾಲದಲ್ಲಿ ಹೆಚ್ಚು. ಮಳೆ ಕೈಕೊಟ್ಟ ವರ್ಷಗಳಲ್ಲಂತೂ ಹೇಳುವಂತೆಯೇ ಇರಲಿಲ್ಲ. ಹಳೆಯ ಮೈಸೂರಿನ ಹಿರಿಯರ ನೆನಪಿನಲ್ಲಿ ಧಾತು ಈಶ್ವರದ ಬರ ಎಂದೇ ಉಳಿದ 1876-78ರ ಕ್ಷಾಮದ ಪರಿಣಾಮವನ್ನು ಜನಗಣತಿಯ ಅಂಕಿಗಳೇ ಸಾರುತ್ತವೆ. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ವೇಳೆಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹಬ್ಬದಡುಗೆ, ಎಣ್ಣೆನೀರು, ಕಹಿ ಕಷಾಯಗಳನ್ನು ರೂಢಿಸಿಕೊಂಡದ್ದು ಇಂತಹ ಕೊರತೆಯನ್ನು ಕಂಡ ಮೈಗಳು. ಈ ಹಿನ್ನೆಲೆಯನ್ನು ಬಿಟ್ಟು ಹಬ್ಬದ ಆರೋಗ್ಯವನ್ನು ಕುರಿತು ಮಾತನಾಡುವುದು ಸಾಧುವಲ್ಲ.

ಆಟಿ: ಕಹಿಯಿಂದ ಮೊದಲು

ತುಳುನಾಡಿನಲ್ಲಿ ಜುಲೈ ಮಧ್ಯಭಾಗದಿಂದ ಆಗಸ್ಟ್ ಮಧ್ಯಭಾಗದವರೆಗಿನ ಸೌರಮಾಸವೇ ಆಟಿ. ಮಳೆ ಎಡೆಬಿಡದೆ ಸುರಿಯುವ ಈ ತಿಂಗಳಲ್ಲಿ ಶುಭಕಾರ್ಯಗಳಿಲ್ಲ, ಭೂತಾರಾಧನೆಯ ಕೋಲ ನೇಮಗಳಿಗೂ ಬಿಡುವು. ನಲಿಕೆ ಸಮುದಾಯದ ಆಟಿ ಕಳೆಂಜ ತಾಳೆಗರಿಯ ಛತ್ರಿ ಹಿಡಿದು ಮನೆಮನೆಗೆ ಬಂದು, ಊರಿಗೆ ಬಂದ ಮಾರಿಯನ್ನು ಕಳೆಯುವ ಕುಣಿತವನ್ನು ಕುಣಿದು, ಭತ್ತ, ತೆಂಗಿನಕಾಯಿ, ಉಪ್ಪು, ಮೆಣಸುಗಳನ್ನು ಪಡೆದು ಹೋಗುತ್ತಾನೆ. ರೋಗ ಕಳೆಯುವವನೂ ಆ ತಿಂಗಳು ಹಸಿದಿರುವವನೇ ಎಂಬುದು ಈ ಆಚರಣೆಯಲ್ಲಿ ಎದ್ದು ಕಾಣುವ ಅಂಶ. ಮಾರಿ ಕಳೆದುದಕ್ಕೆ ಪ್ರತಿಫಲವಾಗಿ ದೊರೆಯುವ ಭತ್ತ ಅವನ ಮನೆಯ ಆ ತಿಂಗಳ ಅನ್ನವಾಗಿತ್ತು.

ಆಟಿ ಅಮಾವಾಸ್ಯೆಯ ದಿನ ಸೂರ್ಯೋದಯಕ್ಕೆ ಮುನ್ನ ಪಾಲೆ ಮರದ ತೊಗಟೆಯನ್ನು ತಂದು ಕಷಾಯ ಮಾಡಿ ಖಾಲಿ ಹೊಟ್ಟೆಯಲ್ಲಿ ಕುಡಿಯುವ ಪದ್ಧತಿ ಸುಪರಿಚಿತವಾದುದು. ಕನ್ನಡದಲ್ಲಿ ಹಾಲೆ, ಮದ್ದಾಲೆ ಎಂದೂ, ಸಂಸ್ಕೃತದಲ್ಲಿ ಸಪ್ತಪರ್ಣ ಎಂದೂ ಕರೆಯುವ ಈ ಮರಕ್ಕೆ ಸಸ್ಯಶಾಸ್ತ್ರದಲ್ಲಿ ಆಲ್‍ಸ್ಟೋನಿಯಾ ಸ್ಕೊಲಾರಿಸ್ ಎಂದು ಹೆಸರು. ಇದರ ಹಲಗೆಯನ್ನು ಹಿಂದೆ ಬರೆಯುವ ಪಾಟಿಗಳಿಗೆ ಬಳಸುತ್ತಿದ್ದುದರಿಂದ ‘ಸ್ಕೊಲಾರಿಸ್’ ಎಂಬ ವಿಶೇಷಣ ಬಂದಿತು. ತೊಗಟೆಯನ್ನು ಕಬ್ಬಿಣದ ಆಯುಧದಿಂದ ತೆಗೆಯುವಂತಿಲ್ಲ, ಕಲ್ಲಿನಿಂದ ಜಜ್ಜಿಯೇ ತೆಗೆಯಬೇಕು. ಅರೆದು ಹಿಂಡಿದ ರಸಕ್ಕೆ ಕಾಳುಮೆಣಸು, ಓಮ, ಬೆಳ್ಳುಳ್ಳಿಗಳನ್ನು ಸೇರಿಸಿ, ಕೆಂಡದಲ್ಲಿ ಕಾಯಿಸಿದ ಬೆಣಚುಕಲ್ಲನ್ನು ಅದರೊಳಗೆ ಹಾಕಿ ‘ಒಗ್ಗರಣೆ’ ಕೊಡುತ್ತಾರೆ. ಕಷಾಯದ ಉಷ್ಣವನ್ನು ತಣಿಸಲು ಬಳಿಕ ಮೆಂತೆಯ ಗಂಜಿಯನ್ನು ಉಣ್ಣುತ್ತಾರೆ. ಇದೇ ಕಾಲಕ್ಕೆ ಕೊಡಗಿನಲ್ಲಿ ಕಕ್ಕಡ ತಿಂಗಳ 18ನೆಯ ದಿನ, ಅಂದರೆ ಆಗಸ್ಟ್ 3ರ ಸುಮಾರಿಗೆ, ಮದ್ದು ಸೊಪ್ಪಿನ ರಸದಿಂದ ಪಾಯಸ, ಪುಟ್ಟುಗಳನ್ನು ಮಾಡಿ ತಿನ್ನುತ್ತಾರೆ. ಆ ದಿನ ಸೊಪ್ಪಿನಲ್ಲಿ 18 ಬಗೆಯ ಔಷಧಗಳು ಸೇರಿರುತ್ತವೆ ಎಂಬುದು ಅಲ್ಲಿಯ ನಂಬಿಕೆ. ನಾಟಿ ಗದ್ದೆಯ ಕೆಸರಿನಲ್ಲಿ ವಾರಗಟ್ಟಲೆ ನಿಂತ ಮೈಗೆ ಬೇಕಾದ ಮದ್ದು ಎಂದೇ ಎರಡೂ ಕಡೆಯ ವಕ್ತೃಗಳು ಇದನ್ನು ವಿವರಿಸುತ್ತಾರೆ.

ಪಾಲೆಯ ತೊಗಟೆಯನ್ನು ಒಂದು ಕಾಲಕ್ಕೆ ಮಲೇರಿಯಾ ಜ್ವರಕ್ಕೂ ಬಳಸುತ್ತಿದ್ದರು. ಆಧುನಿಕ ಪರೀಕ್ಷೆಗಳು ಆ ಗುಣವನ್ನು ಸ್ಪಷ್ಟವಾಗಿ ದೃಢಪಡಿಸಿಲ್ಲ. ಹಾಗೆಂದು ಆಚರಣೆಯನ್ನು ತಳ್ಳಿಹಾಕಬೇಕಾದುದಿಲ್ಲ. ಅದರಲ್ಲಿ ಅಡಕವಾಗಿರುವ ಜ್ಞಾನ ಔಷಧದ್ದಕ್ಕಿಂತ ಹೆಚ್ಚಾಗಿ ಮರದ್ದು. ಕೆಲವೆಡೆ ಅಮಾವಾಸ್ಯೆಯ ಹಿಂದಿನ ದಿನವೇ ಹಗಲಿನಲ್ಲಿ ಹೋಗಿ ಮರವನ್ನು ಗುರುತಿಸಿ, ಅದಕ್ಕೆ ನೂಲು ಕಟ್ಟಿ, ನಾಳೆ ಬರುತ್ತೇವೆಂದು ಹೇಳಿ ಬರುವ ಪದ್ಧತಿಯಿತ್ತು. ಸಾಮಾನ್ಯವಾಗಿ ಇದನ್ನು ಮರದ ಅನುಮತಿ ಬೇಡುವ ವಿಧಿಯೆಂದು ವ್ಯಾಖ್ಯಾನಿಸಲಾಗುತ್ತದೆ. ಕತ್ತಲಲ್ಲಿ ತೊಗಟೆ ಮಾತ್ರ ಕೈಗೆ ಸಿಗುತ್ತದೆ, ಎಲೆ ಕಾಣುವುದಿಲ್ಲ. ಒಂದೇ ಗೆಣ್ಣಿನ ಸುತ್ತ ಏಳೇಳಾಗಿ ಹರಡಿದ ಎಲೆಗಳನ್ನೂ, ಗೀರಿದರೆ ಒಸರುವ ಹಾಲನ್ನೂ ಬೆಳಕಿನಲ್ಲಿ ನೋಡಿಯೇ ಪಾಲೆಯನ್ನು ನಿಶ್ಚಯಿಸಬೇಕು. ಅದೇ ಕಾಡಿನಲ್ಲಿ ಕಾಸರಕದ ಮರವೂ ಇದೆ. ಅದರ ತೊಗಟೆಯಲ್ಲಿ ಸ್ಟ್ರಿಕ್ನಿನ್ ಮತ್ತು ಬ್ರೂಸಿನ್ ಎಂಬ ಘೋರ ವಿಷಗಳಿವೆ. ತಪ್ಪು ಮರದ ತೊಗಟೆಯನ್ನು ತಂದು ಕುಡಿದು ಅನಾಹುತಗಳಾದ ಸುದ್ದಿಗಳನ್ನು ಇತ್ತೀಚಿನ ದಶಕಗಳಲ್ಲಿ ಪತ್ರಿಕೆಗಳಲ್ಲಿ ಓದಿದ್ದೇವೆ. ಆಚರಣೆಯ ಮುಖ್ಯಭಾಗವಾದ ಕುಡಿಯುವ ಕ್ರಿಯೆ ಉಳಿದು, ಅದರ ಅಂಚಿನಲ್ಲಿದ್ದ ಹಿಂದಿನ ದಿನದ ಆ ನಡಿಗೆ ಕಳಚಿಬಿದ್ದಾಗ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಗಂಭೀರವಾದ ನಿದರ್ಶನ ಬೇಕಿಲ್ಲ. ಜಾನಪದ ಸಂಗ್ರಹಕಾರರಾದ ನಾವೂ ಕಷಾಯದ ಪಾಕವನ್ನು ಬರೆದುಕೊಂಡಷ್ಟು ಶ್ರದ್ಧೆಯಿಂದ ಮರ ಗುರುತಿಸುವ ಬಗೆಯನ್ನು ಬರೆದುಕೊಳ್ಳಲಿಲ್ಲ.

ಆಟಿಯ ಆಹಾರದ ಕಥೆ ಇನ್ನೊಂದು ಬಗೆಯದು. ತಜಂಕ್ ಎಂದು ಕರೆಯುವ ಚಗಟೆ ಸೊಪ್ಪು, ಕೆಸುವಿನೆಲೆಯ ಪತ್ರೊಡೆ, ಕಣಿಲೆ ಅಂದರೆ ಎಳೆಬಿದಿರು, ಉಪ್ಪುನೀರಿನಲ್ಲಿಟ್ಟ ಹಲಸಿನ ತೊಳೆ, ಹಲಸಿನ ಬೀಜ ಇವೆಲ್ಲ ಅಕ್ಕಿ ಸಾಲದ ತಿಂಗಳಲ್ಲಿ ಹೊಟ್ಟೆ ತುಂಬಿಸಿದ ಪದಾರ್ಥಗಳು. ಈಗ ಕರಾವಳಿಯಲ್ಲಿಯೂ, ಬೆಂಗಳೂರು ಮುಂಬಯಿಗಳ ತುಳು ಸಂಘಗಳಲ್ಲಿಯೂ ‘ಆಟಿಡೊಂಜಿ ದಿನ’ ಎಂಬ ಕಾರ್ಯಕ್ರಮ ನಡೆಯುತ್ತದೆ. ಅಲ್ಲಿ ಇವೇ ಪದಾರ್ಥಗಳು ಹತ್ತಾರು ಬಗೆಗಳಾಗಿ ಒಂದೇ ಎಲೆಯಲ್ಲಿ ಬಡಿಸಲ್ಪಡುತ್ತವೆ. ಅಭಾವದ ನೆನಪು ಔತಣವಾದುದನ್ನು ಕಂಡು ನಗಬೇಕೆಂದು ನನಗನಿಸುವುದಿಲ್ಲ, ನೆನಪು ಉಳಿಯುವ ದಾರಿಗಳು ಹಲವು. ಆದರೆ ಅದನ್ನು ಆಟಿಯ ಆರೋಗ್ಯಕರ ಊಟವೆಂದು ಪರಿಚಯಿಸುವಾಗ ಒಂದು ಮಾತನ್ನು ಸೇರಿಸಬೇಕು: ಆಟಿಯಲ್ಲಿ ಯಾರೂ ಇಷ್ಟನ್ನು ಒಟ್ಟಿಗೆ ಉಂಡದ್ದಿಲ್ಲ.

ಪಂಚಮಿ: ಹಂಚಿಡದ ದಿನ

ಮದುವೆಯಾದ ಮೊದಲ ವರ್ಷ ಆಷಾಢದಲ್ಲಿ ಹೊಸ ಸೊಸೆಯನ್ನು ತವರಿಗೆ ಕಳುಹಿಸುವ ರೂಢಿ ನಾಡಿನ ಬಹುಭಾಗದಲ್ಲಿದೆ. ತುಳುನಾಡಿನಲ್ಲಿ ಇದಕ್ಕೆ ‘ಆಟಿ ಕುಳ್ಳುನು’ ಎನ್ನುತ್ತಾರೆ. ಹೊಸ ಮದುಮಗಳಿಗೆ ದೊರೆತ ಈ ಬಿಡುವು ಉತ್ತರ ಕರ್ನಾಟಕದಲ್ಲಿ ನಾಗರಪಂಚಮಿಯ ರೂಪದಲ್ಲಿ ಎಲ್ಲ ಹೆಣ್ಣುಮಕ್ಕಳಿಗೂ ವಿಸ್ತರಿಸಿತು. ಅಣ್ಣ ತಮ್ಮಂದಿರು ಬಂದು ಕರೆದೊಯ್ಯುವ ಈ ಹಬ್ಬದ ಹಂಬಲ ಹೆಂಗಸರ ಹಾಡುಗಳಲ್ಲಿ ಎಷ್ಟು ದಟ್ಟವಾಗಿದೆಯೆಂಬುದನ್ನು ಹಲಸಂಗಿ ಗೆಳೆಯರು 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಸಂಕಲನದಿಂದ ಈಚೆಗೆ ಹಲವು ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಆ ಚರ್ಚೆಗಳಲ್ಲಿ ತವರು ಒಂದು ಭಾವವಾಗಿ ಬರುತ್ತದೆ. ಅದು ಮೈಗೆ ಸಂಬಂಧಿಸಿದ ಸಂಗತಿಯೂ ಹೌದು ಎಂಬುದು ನನ್ನ ಅಭಿಪ್ರಾಯ.

ಶ್ರಾವಣದ ಹೊತ್ತಿಗೆ ಮುಂಗಾರಿನ ಬಿತ್ತನೆ ಮುಗಿದು ಕಳೆ ಕೀಳುವ ಕೆಲಸ ಸಾಗಿರುತ್ತದೆ. ಅದು ಹೆಚ್ಚಾಗಿ ಬಗ್ಗಿದ ಬೆನ್ನಿನ ಕೆಲಸ, ಹೆಂಗಸರ ಕೆಲಸ. ಇದರ ನಡುವೆ ಪಂಚಮಿಯ ದಿನಗಳು ಬರುತ್ತವೆ. ಹಬ್ಬಕ್ಕೆ ಮುನ್ನ ‘ರೊಟ್ಟಿ ಪಂಚಮಿ’. ಸಜ್ಜೆಯ ರೊಟ್ಟಿ, ಜೋಳದ ರೊಟ್ಟಿಗಳನ್ನು ಮುಂಚಿತವಾಗಿ ಬಡಿದಿಟ್ಟು, ಬಗೆಬಗೆಯ ಪಲ್ಯ, ಚಟ್ನಿಗಳೊಂದಿಗೆ ಮನೆಯಿಂದ ಮನೆಗೆ ಬೀರುತ್ತಾರೆ. ಎಳ್ಳುಂಡಿ, ತಂಬಿಟ್ಟು, ರವೆ ಉಂಡಿ, ಶೇಂಗಾ ಉಂಡಿ, ಜೋಳದ ಅಳ್ಳುಗಳನ್ನೂ ಮೊದಲೇ ಮಾಡಿಡುತ್ತಾರೆ. ಪಂಚಮಿಯ ದಿನ ಒಲೆಯ ಮೇಲೆ ಹಂಚಿಡುವಂತಿಲ್ಲ, ಕರಿಯುವಂತಿಲ್ಲ, ಹೆಚ್ಚುವಂತಿಲ್ಲ, ನೆಲ ಅಗೆಯುವಂತಿಲ್ಲ. ನಾಗರಕ್ಕೆ ನೋವಾಗುತ್ತದೆ ಎಂಬುದು ಕೊಡುವ ಕಾರಣ. ಹಬೆಯಲ್ಲಿ ಬೇಯಿಸಿದ ಕಡುಬು, ಮೊದಲೇ ಮಾಡಿಟ್ಟ ಉಂಡಿಗಳೇ ಅಂದಿನ ಆಹಾರ.

ಹೆಣ್ಣಿನ ಕೆಲಸಕ್ಕೆ ರಜೆ ಎಂಬ ಕಲ್ಪನೆಯೇ ಇಲ್ಲದ ಸಮಾಜದಲ್ಲಿ, ರಜೆಯನ್ನು ಹಾವಿನ ಹೆಸರಿನಲ್ಲಿ ಪಡೆಯಬೇಕಾಯಿತು. ಹಂಚು ಒಲೆಯೇರದ ದಿನ ಹೊಗೆಯಿಲ್ಲ, ಬಡಿಯುವ ತೋಳಿಗೆ ದುಡಿಮೆಯಿಲ್ಲ. ಉಳಿದ ಹೊತ್ತು ಬೇವು ಹುಣಿಸೆ ಮರಗಳಿಗೆ ಕಟ್ಟಿದ ಜೋಕಾಲಿಯಲ್ಲಿ ಕಳೆಯುತ್ತದೆ. ಜೋಕಾಲಿ ಶ್ವಾಸಕೋಶಕ್ಕೆ ಒಳ್ಳೆಯದೋ ಅಲ್ಲವೋ ನಾನರಿಯೆ. ಅತ್ತೆಮನೆಯಲ್ಲಿ ಸೆರಗು ಸರಿಮಾಡಿಕೊಂಡು ನಡೆಯಬೇಕಾದ ಹೆಣ್ಣು ನಾಲ್ಕು ಜನರೆದುರು ಕಾಲು ಚಾಚಿ ಮೇಲೇರುವ ಏಕೈಕ ಸಂದರ್ಭ ಅದು ಎಂಬುದನ್ನು ಹಾವೇರಿ, ಗದಗ ಭಾಗದ ಅನೇಕ ವಕ್ತೃಗಳಿಂದ ಕೇಳಿ ಬಲ್ಲೆ. ಆದರೆ ಹಬ್ಬಕ್ಕೆ ಮುನ್ನ ಎರಡು ಮೂರು ದಿನ ಉಂಡಿ ಕಟ್ಟಿ ರೊಟ್ಟಿ ಬಡಿಯುವವರೂ ಹೆಂಗಸರೇ. ತವರಿಗೆ ಬಂದ ಮಗಳು ವಿಶ್ರಮಿಸಿದರೆ ತವರಿನಲ್ಲಿರುವ ಸೊಸೆ ದುಡಿಯುತ್ತಾಳೆ, ಅವಳೂ ತನ್ನ ತವರಿಗೆ ಹೋಗಿದ್ದರೆ ಆ ಹೊರೆ ಮುದಿತಾಯಿಯ ಹೆಗಲಿಗೆ. ಹಬ್ಬದ ವಿಶ್ರಾಂತಿ ಹೀಗೆ ಒಬ್ಬರಿಂದ ಇನ್ನೊಬ್ಬರಿಗೆ ಸಾಲವಾಗಿ ಬಂದದ್ದು.

ಇಲ್ಲಿ ಪ್ರಾಸಂಗಿಕವಾಗಿ ಒಂದು ಮಾತು. ಪಂಚಮಿಯ ಉಂಡಿಗಳನ್ನು ಅನಾದಿ ಕಾಲದ ಪೌಷ್ಟಿಕ ಆಹಾರವೆಂದು ಬಣ್ಣಿಸುವವರು ಶೇಂಗಾ ದಕ್ಷಿಣ ಅಮೆರಿಕ ಮೂಲದ ಬೆಳೆಯೆಂಬುದನ್ನು ಮರೆಯುತ್ತಾರೆ. ನಮ್ಮ ಹೊಲಗಳಲ್ಲಿ ಅದು ವ್ಯಾಪಕವಾದುದು 19ನೆಯ ಶತಮಾನದ ಉತ್ತರಾರ್ಧದಿಂದೀಚೆಗೆ. ಎಳ್ಳುಂಡಿ ಹಳೆಯದು, ಶೇಂಗಾ ಉಂಡಿ ಹೊಸದು. ಜನಪದರು ಹೊಸದನ್ನು ಹಬ್ಬದೊಳಕ್ಕೆ ಕರೆದುಕೊಳ್ಳಲು ಹಿಂಜರಿಯಲಿಲ್ಲ.

ಉಪವಾಸ ಮಾಡುವವರು, ಉಪವಾಸ ಬೀಳುವವರು

ಹಬ್ಬದ ಸಾಲಿನುದ್ದಕ್ಕೂ ಊಟದ ಜೊತೆಯಲ್ಲಿಯೇ ಊಟ ಬಿಡುವ ವಿಧಿಗಳೂ ಸಾಗುತ್ತವೆ. ಆಷಾಢದ ಪ್ರಥಮ ಏಕಾದಶಿಯಿಂದ ಉತ್ಥಾನ ದ್ವಾದಶಿಯವರೆಗಿನ ಚಾತುರ್ಮಾಸ್ಯದಲ್ಲಿ ಮಾಧ್ವ ಮನೆಗಳವರು ಮೊದಲ ತಿಂಗಳು ತರಕಾರಿ, ಎರಡನೆಯ ತಿಂಗಳು ಮೊಸರು, ಮೂರನೆಯ ತಿಂಗಳು ಹಾಲು, ನಾಲ್ಕನೆಯ ತಿಂಗಳು ದ್ವಿದಳ ಧಾನ್ಯಗಳನ್ನು ವರ್ಜಿಸುತ್ತಾರೆ. ಜೈನರಲ್ಲಿ ಭಾದ್ರಪದದ ದಶಲಕ್ಷಣ ಪರ್ವದ ಉಪವಾಸಗಳಿವೆ, ಸೂರ್ಯಾಸ್ತದ ನಂತರ ಉಣ್ಣದ ನಿಯಮವಿದೆ. ಮಾಂಸಾಹಾರಿಗಳಾದ ಒಕ್ಕಲು ಮನೆತನಗಳಲ್ಲಿ ಅನೇಕರು ಶ್ರಾವಣ ಪೂರ್ತಿ ಮಾಂಸ ಮುಟ್ಟುವುದಿಲ್ಲ. ವಿಜಯನಗರಕ್ಕೆ ಸುಮಾರು 1520ರಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೂಡ ಇಲ್ಲಿಯ ಜನ ಉಪವಾಸದ ದಿನಗಳಲ್ಲಿ ಹಗಲೆಲ್ಲ ಏನೂ ತಿನ್ನದೆ ನಡುರಾತ್ರಿಯಲ್ಲಿ ಉಣ್ಣುತ್ತಾರೆಂದು ದಾಖಲಿಸಿದ್ದಾನೆ.

ಹಳ್ಳಿಯ ಆಡುಮಾತು ಇಲ್ಲಿ ಒಂದು ಸೂಕ್ಷ್ಮವನ್ನು ಕಾಪಾಡಿಕೊಂಡು ಬಂದಿದೆ. ವ್ರತಕ್ಕಾಗಿ ಊಟ ಬಿಟ್ಟವರು ‘ಉಪವಾಸ ಮಾಡುತ್ತಾರೆ’ ಇಲ್ಲವೆ ‘ಉಪವಾಸ ಇರುತ್ತಾರೆ’. ಮನೆಯಲ್ಲಿ ಕಾಳಿಲ್ಲದವರು ‘ಉಪವಾಸ ಬೀಳುತ್ತಾರೆ’. ನಾಮಪದ ಒಂದೇ ಆದರೂ ಕ್ರಿಯಾಪದ ಬೇರೆ. ಹಬ್ಬದ ಆರೋಗ್ಯವನ್ನು ಕುರಿತ ಬರಹಗಳು ಮೊದಲನೆಯ ಕ್ರಿಯಾಪದವನ್ನಷ್ಟೇ ಬಲ್ಲವು.

ಬಿದ್ದವರ ಕಡೆಯಿಂದ ನೋಡಿದರೆ ಹಬ್ಬದೂಟದ ಅರ್ಥ ಬದಲಾಗುತ್ತದೆ. ರಾಗಿ ಮತ್ತು ಜೋಳದ ಸೀಮೆಗಳಲ್ಲಿ ಅಕ್ಕಿಯ ಅನ್ನವೇ ಹಬ್ಬದ ಗುರುತಾಗಿತ್ತು. ಬೇಳೆ, ಬೆಲ್ಲ, ತುಪ್ಪಗಳ ಹೋಳಿಗೆ ವರ್ಷದಲ್ಲಿ ಕೆಲವೇ ಸಲ ದೊರೆಯುತ್ತಿತ್ತು. ಬೇಳೆ ಬಸಿದ ಕಟ್ಟು ಸಹ ವ್ಯರ್ಥವಾಗದೆ ಸಾರಾಗಿ ಮರುದಿನದವರೆಗೂ ಒದಗುತ್ತಿತ್ತು. ಹೊಲದಲ್ಲಿ ದಣಿದ, ಜಿಡ್ಡು ಕಾಣದ ಮೈಗೆ ಆ ಒಂದು ದಿನದ ಊಟ ನಿಜವಾದ ಆರೈಕೆಯೇ ಆಗಿತ್ತು. ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆ ಹೇಳುವವರ ನಡುವೆಯೇ ಹಬ್ಬದ ದಿನ ಬಲವಂತ ಮಾಡಿ ಬಡಿಸುವುದು ಮರ್ಯಾದೆಯಾದದ್ದು ಈ ಕಾರಣದಿಂದ. ಹಬ್ಬದ ಮರುದಿನ ತಿಳಿಸಾರು, ಮಜ್ಜಿಗೆ, ಮಲೆನಾಡಿನಲ್ಲಿ ಒಂದೆಲಗದ ತಂಬುಳಿ, ಮೆಣಸಿನ ಸಾರು ಎಂಬ ಕ್ರಮವೂ ಇತ್ತು. 2013ರಲ್ಲಿ ಅನ್ನಭಾಗ್ಯ ಯೋಜನೆ ಆರಂಭವಾಗುವುದಕ್ಕೆ ಎಷ್ಟೋ ಮೊದಲೇ ಪಡಿತರ ಅಕ್ಕಿ ಹಳ್ಳಿಗಳನ್ನು ಮುಟ್ಟಿತ್ತು. ಆ ಬಳಿಕವಂತೂ ಅನ್ನ ಹಬ್ಬದ ಗುರುತಾಗಿ ಉಳಿಯಲಿಲ್ಲ. ಹಸಿವಿನ ಒತ್ತಡ ಕಡಿಮೆಯಾದುದು ಸಂತೋಷದ ಸಂಗತಿ. ಆದರೆ ಕೊರತೆಯ ಮೈಗಾಗಿ ರೂಪುಗೊಂಡ ಊಟ ಕೊರತೆ ತೀರಿದ ಮೈಯನ್ನು ತಲುಪಿದಾಗ ಪರಿಣಾಮ ಬೇರೆಯಾಗುತ್ತದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರವ್ಯಾಪಿ ಅಧ್ಯಯನ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು ಅಂದಾಜಿಸಿತು. ಹಬ್ಬದ ಸಾಲಿನ ಸಿಹಿಯೂ, ಬಲವಂತದ ಬಡಿಸುವಿಕೆಯೂ ಹಾಗೆಯೇ ಉಳಿದಿವೆ. ಅವುಗಳಿಗೆ ಜೊತೆಯಾಗಿದ್ದ ದುಡಿಮೆ, ಮರುದಿನದ ತಿಳಿಸಾರು, ಆಟಿಯ ಕಹಿ ಇವು ಹಿಂದೆ ಬಿದ್ದಿವೆ.

ಎಣ್ಣೆನೀರು

ಹಬ್ಬದ ಸಾಲಿನ ಕೊನೆಗೆ ಬರುವ ದೀಪಾವಳಿಯನ್ನು ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಈಗಲೂ ನೀರು ತುಂಬುವ ಹಬ್ಬ ಎನ್ನುತ್ತಾರೆ. ದೀಪಕ್ಕಿಂತ ಮೊದಲು ನೀರು ಬರುತ್ತದೆ. ತ್ರಯೋದಶಿಯ ಸಂಜೆ ಬಚ್ಚಲ ಹಂಡೆಯನ್ನು ಹುಣಿಸೆಹಣ್ಣು, ಬೂದಿಗಳಿಂದ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಿಂಡ್ಲೆಕಾಯಿಯ ಬಳ್ಳಿ ಸುತ್ತಿ, ಹೊಸ ನೀರನ್ನು ತುಂಬಿ ಪೂಜಿಸುತ್ತಾರೆ. ಮರುದಿನ ನರಕ ಚತುರ್ದಶಿಯ ನಸುಕಿನಲ್ಲಿ ಮನೆಮಂದಿಗೆಲ್ಲ ಎಣ್ಣೆನೀರು. ಕೆರೆಕಟ್ಟೆಗಳು ತುಂಬಿರುವ, ಚಳಿ ಕಾಲಿಟ್ಟು ಚರ್ಮ ಒಡೆಯಲು ಮೊದಲಾಗುವ ಕಾಲದಲ್ಲಿ ಈ ಸ್ನಾನ ಬರುವುದು ಔಚಿತ್ಯಪೂರ್ಣವಾಗಿದೆ. ಸೀಗೆಪುಡಿ, ಅಂಟುವಾಳ, ಕಡಲೆಹಿಟ್ಟು, ಮಲೆನಾಡಿನಲ್ಲಿ ಮತ್ತಿಸೊಪ್ಪಿನ ಲೋಳೆ ಜಿಡ್ಡು ತೆಗೆಯುವ ಸಾಧನಗಳು. ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ತಲೆಯೆತ್ತಿದರೂ ಅಂದಿನ ಒಂದು ದಿನ ಸೀಗೆಯೇ ಬೇಕೆನ್ನುವ ಮನೆಗಳು ಅನೇಕ. ಮಿಂದು ಬಂದವರಿಗೆ ಶುಂಠಿ ಕಷಾಯ ಕೊಟ್ಟು ಬೆಚ್ಚಗೆ ಹೊದಿಸಿ ಮಲಗಿಸುತ್ತಿದ್ದರು. ಬೆಂಗಳೂರು ಮೈಸೂರುಗಳ ತಮಿಳು ಮೂಲದ ಮನೆಗಳಲ್ಲಿ ಶುಂಠಿ, ಮೆಣಸು, ಓಮ, ಬೆಲ್ಲ, ತುಪ್ಪಗಳಿಂದ ಮಾಡಿದ ದೀಪಾವಳಿ ಲೇಹ್ಯವನ್ನು ತಿಂಡಿಗೆ ಮುನ್ನ ನೆಕ್ಕಿಸುವ ಪದ್ಧತಿಯಿದೆ.

ಎಣ್ಣೆನೀರಿನ ಚರಿತ್ರೆಗೆ ಎರಡು ಬಗೆಯ ಆಕರಗಳಿವೆ. ಮೊದಲನೆಯವು ಅರಮನೆಯವು. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಸ್ನಾನವೂ ರಾಜನ ಭೋಗಗಳಲ್ಲೊಂದು. ಪರಿಮಳದ ಎಣ್ಣೆ, ಮರ್ದನ, ಜಿಡ್ಡು ತೆಗೆಯುವ ಚೂರ್ಣಗಳ ವಿವರಣೆ ಅಲ್ಲಿದೆ. ಕೃಷ್ಣದೇವರಾಯ ಬೆಳಕು ಹರಿಯುವ ಮುನ್ನ ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಅದನ್ನೇ ಹಚ್ಚಿಸಿಕೊಂಡು, ಭಾರ ಎತ್ತಿ, ಕತ್ತಿ ವರಸೆ ಮಾಡಿ, ಎಣ್ಣೆಯೆಲ್ಲ ಬೆವರಾಗಿ ಹೋಗುವವರೆಗೆ ಶ್ರಮಿಸಿ, ಆ ಬಳಿಕ ಕುಸ್ತಿ ಹಿಡಿದು, ಕುದುರೆಯೇರುತ್ತಿದ್ದನೆಂದು ಪಾಯಸ್ ಬರೆದಿದ್ದಾನೆ. ಮಹಾನವಮಿ ಹಬ್ಬದ ಜೊತೆ ಕುಸ್ತಿಯ ನಂಟು ಮೈಸೂರು ದಸರೆಯಲ್ಲಿಯೂ, ವಿಜಯದಶಮಿಯಂದು ಅರಮನೆಯಲ್ಲಿ ನಡೆಯುವ ಜೆಟ್ಟಿಗಳ ವಜ್ರಮುಷ್ಟಿ ಕಾಳಗದಲ್ಲಿಯೂ ಮುಂದುವರಿಯಿತು. ಅರಮನೆಯ ಎಣ್ಣೆ ಬಲದ ಎಣ್ಣೆ, ಪ್ರದರ್ಶನದ ಎಣ್ಣೆ.

ಎರಡನೆಯವು ಶಾಸನಗಳು. ದೇವಾಲಯದ ನಂದಾದೀವಿಗೆಗೆಂದು ಗಾಣಕ್ಕೆ ಇಂತಿಷ್ಟು ಸೊಲ್ಲಗೆ ಎಣ್ಣೆ ಎಂದು ದತ್ತಿ ಬಿಟ್ಟ ಉಲ್ಲೇಖಗಳು ಮಧ್ಯಕಾಲೀನ ಕನ್ನಡ ಶಾಸನಗಳಲ್ಲಿ ಹೇರಳವಾಗಿವೆ. ತೆಲ್ಲಿಗರ ಐವತ್ತೊಕ್ಕಲು ಎಂಬ ಸಂಘಟನೆ ಇಂತಹ ದಾನಗಳಲ್ಲಿ ಕಾಣಿಸಿಕೊಳ್ಳುತ್ತದೆ. ದೇವರ ದೀಪಕ್ಕೂ ಸೊಲ್ಲಗೆಯ ಲೆಕ್ಕದಲ್ಲಿ ಅಳೆದು ಬರೆದಿಡಬೇಕಾದಷ್ಟು ಎಣ್ಣೆ ಬೆಲೆಯುಳ್ಳದ್ದಾಗಿತ್ತು. 1800-01ರಲ್ಲಿ ಈ ನಾಡಿನಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಗಾಣಗಳನ್ನೂ, ಎಳ್ಳು, ಹುಚ್ಚೆಳ್ಳು, ಹರಳುಗಳಿಂದ ಎಣ್ಣೆ ತೆಗೆಯುವ ಬಗೆಗಳನ್ನೂ ಆಸಕ್ತಿಯಿಂದ ಗುರುತು ಹಾಕಿಕೊಂಡಿದ್ದಾನೆ. ಬಡವರ ಮನೆಯಲ್ಲಿ ತಲೆಗೆ ಹಚ್ಚಿದ್ದು ಮನೆಯಲ್ಲೇ ಹರಳು ಹುರಿದು ಕುಟ್ಟಿ ಕುದಿಸಿ ತೆಗೆದ ಹರಳೆಣ್ಣೆ. ಮೈಗೆಲ್ಲ ಸುರಿದುಕೊಳ್ಳುವ ಎಳ್ಳೆಣ್ಣೆ ಅವರ ಪಾಲಿಗೆ ವರ್ಷಕ್ಕೊಮ್ಮೆಯ ಮಾತು. ಜೀತಕ್ಕಿದ್ದವರಿಗೆ ದೀಪಾವಳಿಯಂದು ಒಡೆಯನ ಮನೆಯಿಂದ ಒಂದು ಕುಡಿಕೆ ಎಣ್ಣೆ, ಒಂದು ಹಿಡಿ ಸೀಗೆಪುಡಿ ಕೊಡುತ್ತಿದ್ದುದನ್ನು ಮಂಡ್ಯ, ತುಮಕೂರು ಕಡೆಯ ಹಿರಿಯರು ನನಗೆ ಹೇಳಿದ್ದಾರೆ. 1976ರ ಜೀತ ಪದ್ಧತಿ ನಿರ್ಮೂಲನ ಕಾಯಿದೆಯ ನಂತರ ಆ ಕುಡಿಕೆಯೂ ನಿಂತಿತೆಂದು ಅವರಲ್ಲೊಬ್ಬರು ಹೇಳಿ, ನಿಂತದ್ದು ಒಳ್ಳೆಯದೇ ಆಯಿತೆಂದು ತಾವಾಗಿ ಸೇರಿಸಿದರು. ಊರ ಬಾವಿಯ ನೀರನ್ನೇ ಮುಟ್ಟಗೊಡದ ಕೇರಿಗಳಲ್ಲಿ ‘ನೀರು ತುಂಬುವುದು’ ಹೇಗೆ ನಡೆಯುತ್ತಿತ್ತೆಂಬುದು ಪ್ರತ್ಯೇಕವಾಗಿ ಬರೆಯಬೇಕಾದ ವಿಷಯ.

ಇನ್ನು ಮನೆಯೊಳಗಿನ ಪಾಲು. ಹಿರಿಯ ಮುತ್ತೈದೆ ಒಬ್ಬೊಬ್ಬರನ್ನೂ ಮಣೆಯ ಮೇಲೆ ಕೂರಿಸಿ, ಗರಿಕೆಯಿಂದ ಎಣ್ಣೆ ಮುಟ್ಟಿಸಿ, ಆರತಿ ಎತ್ತಿ ಸ್ನಾನಕ್ಕೆ ಕಳುಹಿಸುತ್ತಾಳೆ. ಮೊದಲ ದೀಪಾವಳಿಗೆ ಬಂದ ಅಳಿಯನಿಗೆ ವಿಶೇಷ ಉಪಚಾರವಿರುತ್ತದೆ. ಬಲಿಪಾಡ್ಯಮಿಯಂದು ದನಕರುಗಳ ಮೈ ತೊಳೆದು ಕೆಮ್ಮಣ್ಣು ಜೇಡಿಗಳ ಅಚ್ಚು ಒತ್ತಿ ಕೊರಳಿಗೆ ಹಾರ ಹಾಕುತ್ತಾರೆ. ಎತ್ತಿನ ಮೈಗೂ ವರ್ಷದಲ್ಲಿ ಒಂದು ದಿನ ಗೊತ್ತಾಗಿದೆ. ಎಣ್ಣೆ ಮುಟ್ಟಿಸಿದವಳ ತಲೆಗೆ ಎಣ್ಣೆ ಯಾರು ಹಚ್ಚಿದರು?

ಹಾಸನ ಸೀಮೆಯ ನಮ್ಮ ಮನೆಯಲ್ಲಿ ಅವ್ವ ಮೂರು ಗಂಟೆಗೆದ್ದು ಹಂಡೆಗೆ ಉರಿ ಹಾಕುತ್ತಿದ್ದಳು. ಅಜ್ಜ, ಅಪ್ಪ, ಚಿಕ್ಕಪ್ಪಂದಿರು, ಮಕ್ಕಳಾದ ನಾವು ಸರದಿಯಲ್ಲಿ ಮಿಂದು ಕಂಬಳಿ ಹೊದ್ದು ಮಲಗುತ್ತಿದ್ದೆವು. ಎಚ್ಚರವಾಗುವ ವೇಳೆಗೆ ಹೋಳಿಗೆಯ ಹೂರಣ ಅರೆಯುವ ಸದ್ದು ಕೇಳುತ್ತಿತ್ತು. ಅವ್ವನ ಸ್ನಾನ ಯಾವಾಗ ಆಗುತ್ತಿತ್ತೆಂಬುದು ನನಗೆ ಗೊತ್ತಿಲ್ಲ. ಡಾಕ್ಟರೇಟ್ ಪದವಿಗಾಗಿ ಹಬ್ಬಗಳ ಆಚರಣೆಯನ್ನು ಕುರಿತು ಕ್ಷೇತ್ರಕಾರ್ಯ ಮಾಡುವಾಗ ಎಣ್ಣೆಯ ಹೆಸರು, ಬಳ್ಳಿಯ ಹೆಸರು, ಹಂಡೆಗೆ ಬಳಿಯುವ ಪಟ್ಟೆಗಳ ಸಂಖ್ಯೆಯವರೆಗೆ ಕೇಳಿ ಬರೆದುಕೊಂಡ ನನ್ನ ಪ್ರಶ್ನಾವಳಿಯಲ್ಲಿ ಕೊನೆಗೆ ಮಿಂದವರು ಯಾರು ಎಂಬ ಪ್ರಶ್ನೆಯೇ ಇರಲಿಲ್ಲ. ಉತ್ತರ ಕೊಡುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರೇ ಆಗಿದ್ದರು.

ಈ ಲೇಖನಕ್ಕಾಗಿ ಹಳೆಯ ಟಿಪ್ಪಣಿಗಳನ್ನು ತೆಗೆದುಕೊಂಡು ಮತ್ತೆ ಆ ಊರುಗಳಿಗೆ ಹೋದೆ. ಅಂದಿನ ವಕ್ತೃಗಳಲ್ಲಿ ಹಲವರು ಈಗಿಲ್ಲ. ಅರಸೀಕೆರೆಯ ಬಳಿಯ ಹಳ್ಳಿಯೊಂದರಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ಸಿಕ್ಕರು. ಚತುರ್ದಶಿಯ ದಿನ ತಾವು ತಲೆಗೆ ನೀರು ಹಾಕಿಕೊಂಡದ್ದೇ ಅಪರೂಪವೆಂದು ಅವರು ತಿಳಿಸಿದರು. ಅಂದು ಹಂಡೆಯಲ್ಲಿ ಉಳಿಯುತ್ತಿದ್ದುದು ಉಗುರು ಬೆಚ್ಚಗಿನ ನೀರು, ಕುಡಿಕೆಯಲ್ಲಿ ಉಳಿಯುತ್ತಿದ್ದುದು ತಳದ ಗಸಿ. ಹಬ್ಬವೆಲ್ಲ ಮುಗಿದು ನೆಂಟರು ಹೊರಟುಹೋದ ಮೇಲೆ, ಓರಗಿತ್ತಿಯರು ಮೂವರು ಒಂದು ಮಧ್ಯಾಹ್ನ ಹಿತ್ತಿಲ ಬಾಗಿಲು ಹಾಕಿಕೊಂಡು ಒಬ್ಬರ ತಲೆಗೊಬ್ಬರು ಎಣ್ಣೆ ತಟ್ಟಿ, ಹೊಸದಾಗಿ ನೀರು ಕಾಯಿಸಿ ಮೀಯುತ್ತಿದ್ದರಂತೆ. ಎಣ್ಣೆ ಮನೆಯದಲ್ಲ, ಬೆಣ್ಣೆ ಮಾರಿದ ಕಾಸಿನಿಂದ ಗಾಣಿಗರ ಮನೆಯಲ್ಲಿ ತಾವೇ ಕೊಂಡದ್ದು. ಆ ದಿನಕ್ಕೆ ಏನಾದರೂ ಹೆಸರಿತ್ತೇ ಎಂದು ಕೇಳಿದೆ. ಹೆಸರಿಟ್ಟರೆ ಅದಕ್ಕೂ ಅಡುಗೆ ಮಾಡಬೇಕಾಗುತ್ತಿತ್ತು ಎಂದು ನಕ್ಕರು.